ಆರ್ಡಿಸ್ ಹಾಕಿಕೊಟ್ಟ ಸಹಿಗಳು

ಅಯೋವಾದ ನಾರ್ಬಿ ಎಂಬ ಪುಟ್ಟ ಊರಿನಲ್ಲಿ ಆರ್ಡಿಸ್ ಟ್ವೆಟ್ ಇಪ್ಪತ್ತಾರು ವರ್ಷ ವಿಮಾ ಏಜೆಂಟ್ ಆಗಿದ್ದಳು. ಮೆಕ್ಕೆಜೋಳದ ಕೊಯ್ಲು ಶುರುವಾಯಿತೆಂದರೆ ಅಲ್ಲಿನ ರೈತರಿಗೆ ಕೂತು ಉಣ್ಣಲೂ ಪುರುಸೊತ್ತಿಲ್ಲ. "ಆರ್ಡಿಸ್, ಅರ್ಜೀಲಿ ನನ್ನ ಹೆಸ್ರು ನೀನೇ ಗೀಚ್ಬಿಡು" ಎಂದು ಫೋನ್ ಮಾಡುತ್ತಿದ್ದರು. ಅವಳು ಗೀಚುತ್ತಿದ್ದಳು. ಚರ್ಚಿನ ಊಟಕ್ಕೆ ಆಲೂಗಡ್ಡೆ ಸುಲಿದುಕೊಟ್ಟಷ್ಟೇ ಸಹಜವಾದ ಉಪಕಾರ ಅದು. ಕಾನೂನಿನಲ್ಲಿ ಅದಕ್ಕೆ ಫೋರ್ಜರಿ ಎಂಬ ಹೆಸರಿದೆ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಗೊತ್ತಿತ್ತು, ಮರೆತಿದ್ದಳು.

ಇಪ್ಪತ್ತಾರನೆಯ ವರ್ಷದ ನವೆಂಬರಿನಲ್ಲಿ ರೈತ ಡೆಲ್ಮರ್ ಹಾಗೆನ್‌ನ ಟ್ರಾಕ್ಟರ್ ಶೆಡ್ ಸುಟ್ಟುಹೋಯಿತು. ವಿಮೆ ಮಾಡಿಸಿ ಮೂರೇ ವಾರವಾಗಿತ್ತು; ಆ ಅರ್ಜಿಗೂ ಸಹಿ ಗೀಚಿದವಳು ಆರ್ಡಿಸ್. ಕಂಪನಿಗೆ ಅನುಮಾನ ಬಂದು ಕಾಗದವನ್ನೆಲ್ಲ ರಾಜ್ಯದ ವಿಮಾ ಇಲಾಖೆಗೆ ಕಳಿಸಿತು.

ಡೆಲ್ಮರ್ ಅವಳ ಜೊತೆ ಒಂದೇ ತರಗತಿಯಲ್ಲಿ ಓದಿದವನು. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಹೆಮ್ಮೆಯಿಂದ ಹೇಳಿದ: "ಇಲಾಖೆಯಿಂದ ಫೋನ್ ಬಂದಿತ್ತು ಕಣೆ. ಸಹಿ ನಂದೇ, ಆಫೀಸಿಗೆ ಬಂದು ಹಾಕಿದ್ದು ಅಂದೆ. ರೆಕಾರ್ಡ್ ಮಾಡ್ಕೊಂಡ್ರು. ನಿನ್ನ ಕೂದಲೂ ಕೊಂಕಲ್ಲ ಬಿಡು."

"ಅಯ್ಯೋ ಪುಣ್ಯಾತ್ಮ! ಸಹಿ ಬಿದ್ದ ದಿನ ನಿನ್ನ ಕಣ್ಣಿನ ಆಪರೇಷನ್ ಅಲ್ವೇನೋ? ಆಸ್ಪತ್ರೇಲಿ ಮಲಗಿದ್ದೆಯಲ್ಲೋ!"

ಡೆಲ್ಮರ್ ತಲೆ ಕೆರೆದುಕೊಂಡ. "ಹೌದಲ್ಲ."

ಅಂದಿನಿಂದ ಆರ್ಡಿಸ್ ಅದನ್ನೇ ಲೆಕ್ಕ ಹಾಕುತ್ತಿದ್ದಳು. ಅವನದೇ ಸಹಿ ಎಂದರೆ ಅವಳೂ ಸರಕಾರಕ್ಕೆ ಸುಳ್ಳು ಹೇಳಿದಂತೆ. ತನ್ನದು ಎಂದರೆ, ಪರಿಹಾರ ಕೇಳುತ್ತ ಸುಳ್ಳು ಹೇಳಿದ ಡೆಲ್ಮರ್ ವಂಚಕನಾಗುತ್ತಾನೆ. ಅವಳನ್ನು ಉಳಿಸಲು ಹೋಗಿ ಆ ಪೆದ್ದ ಇಬ್ಬರನ್ನೂ ಒಂದೇ ಬೋನಿಗೆ ಹಾಕಿದ್ದ.

ಮಂಗಳವಾರ ಇಲಾಖೆಯ ತನಿಖಾಧಿಕಾರಿ ಪ್ರೂಯಿಟ್ ಬಂದ. ಅವಳಿಟ್ಟ ಕೇಕನ್ನು ಮುಟ್ಟಲಿಲ್ಲ. "ತಿನ್ನೋ ಹಾಗಿಲ್ಲ ಮೇಡಂ, ನಿಯಮ." ಮೇಜಿನ ಮೇಲೆ ಹನ್ನೊಂದು ಅರ್ಜಿ ಹರಡಿದ. ಪಕ್ಕದಲ್ಲಿ ಆಸ್ಪತ್ರೆಯ ಚೀಟಿ ಇಟ್ಟ. "ಈ ಹನ್ನೊಂದು ಜನಕ್ಕೂ ಒಂದೇ ಕೈಯಾ ಮೇಡಂ?"

"ನಂದೇ," ಎಂದಳು ಆರ್ಡಿಸ್. "ಎಲ್ಲಾ ನಂದೇ. ಡೆಲ್ಮರ್ ನನ್ನ ಉಳಿಸೋಕೆ ಹಾಗಂದಿದ್ದು. ವಿಮೆ ಬೇಕು ಅಂತ ಅವನು ಆಸ್ಪತ್ರೆಯಿಂದ ಫೋನ್ ಮಾಡಿದ್ದು ನಿಜ."

ಪ್ರೂಯಿಟ್ ಪೆನ್ನು ಕೆಳಗಿಟ್ಟ. "ನಿಮ್ಮ ಲೈಸೆನ್ಸ್ ಹೋಗತ್ತೆ, ದಂಡ ಬೀಳತ್ತೆ. ಇಲಾಖೆಯ ಪಟ್ಟೀಲಿ ನಿಮ್ಮ ಹೆಸರು ಹಾಕ್ತಾರೆ, ಯಾರು ಬೇಕಾದ್ರೂ ನೋಡಬಹುದು. ಅದು ನನ್ನ ಕೈಲಿಲ್ಲ. ಆದ್ರೆ ಡೆಲ್ಮರ್ ಇವತ್ತೇ ಬಂದು ಹೇಳಿಕೆ ತಿದ್ದಿದ್ರೆ, ಅವರ ಮೇಲೆ ಕೇಸು ಬೇಡ ಅಂತ ನಾನು ಬರೀತೀನಿ."

ಆರ್ಡಿಸ್ ಅಲ್ಲಿಂದಲೇ ಫೋನ್ ಮಾಡಿದಳು.

"ತಿದ್ದಲ್ಲ," ಎಂದ ಡೆಲ್ಮರ್. "ಇಷ್ಟು ವರ್ಷ ನನಗೋಸ್ಕರ ನೀನು ಸಹಿ ಹಾಕ್ದೆ. ನಿನಗೋಸ್ಕರ ನಾನೊಂದು ಸುಳ್ಳು ಹೇಳ್ಬಾರ್ದಾ?"

"ನಾನಾಗ್ಲೇ ಒಪ್ಕೊಂಡಾಯ್ತು ಕಣೋ. ಆ ಸುಳ್ಳಲ್ಲಿ ಈಗ ಉಳಿದಿರೋನು ನೀನೊಬ್ನೇ. ಬಾ ಬೇಗ."

ಕೆಸರಿನ ಬೂಟಿನಲ್ಲೇ ಬಂದ. ಪ್ರೂಯಿಟ್ ಹೊಸ ಹೇಳಿಕೆ ಸಿದ್ಧ ಮಾಡಿ ಮುಂದಿಟ್ಟ. ಡೆಲ್ಮರ್ ನಿಧಾನವಾಗಿ ಓದಿದ. ಓದಿ ಮುಗಿಸಿ, ಹಳೆಯ ರೂಢಿಯಲ್ಲಿ ಕಾಗದವನ್ನು ಆರ್ಡಿಸ್ ಕಡೆಗೆ ತಳ್ಳಿದ. "ಹಾಕು."

ಪ್ರೂಯಿಟ್ ತಲೆಯೆತ್ತಿದ. ಆರ್ಡಿಸ್ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. "ಇದನ್ನ ನೀನೇ ಹಾಕ್ಬೇಕು ಕಣೋ."

ಡೆಲ್ಮರ್ ಬಗ್ಗಿ, ನಾಲಿಗೆ ಕಚ್ಚಿಕೊಂಡು ಬರೆದ. ಅಕ್ಷರ ದಪ್ಪ, ಸೊಟ್ಟ. ಅವಳು ಅವನ ಹೆಸರಿನಲ್ಲಿ ಬರೆದಿದ್ದ ಯಾವುದನ್ನೂ ಅದು ಹೋಲುತ್ತಿರಲಿಲ್ಲ. ಟೋಪಿ ಎತ್ತಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಈಗ ನಿನಗೇನೂ ಆಗಲ್ವಲ್ಲ?"

"ಏನೂ ಆಗಲ್ಲ. ಹೋಗು, ಕೆಲ್ಸ ನೋಡು."

ಆ ಒಂದು ಸುಳ್ಳನ್ನು ಪ್ರೂಯಿಟ್ ಬರೆದುಕೊಳ್ಳಲಿಲ್ಲ.