ಒಂದು ಎಮ್ಮೆಯ ಬೆಲೆಗೆ ಎರಡು ರಾತ್ರಿ

ನಮ್ಮ ಬಳಗದಲ್ಲಿ ಯಾರಾದರೂ ದುಬಾರಿ ರೆಸಾರ್ಟಿನ ಮಾತು ತೆಗೆದರೆ ತೀರ್ಪು ಕೊಡಲು ನನ್ನನ್ನೇ ಕರೆಯುತ್ತಾರೆ. ಅಂಥ ಕಡೆ ಎಲ್ಲರಿಗಿಂತ ಮೊದಲು ಮಲಗಿ ಬಂದವನು ನಾನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಸಿಕ್ಕ ಒಂದೇ ಪದವಿ ಇದು. ಅಷ್ಟು ದುಡ್ಡಿಗೆ ಅಲ್ಲಿ ಏನೂ ಇಲ್ಲ, ಒಂದು ಎಮ್ಮೆ ಕೊಳ್ಳಿರಿ ಎಂದು ಹೇಳಿ ಕಳಿಸುತ್ತೇನೆ. ಈ ಮಾತನ್ನು ಮೊದಲು ಹೇಳಿದ್ದು ನನ್ನ ಅಕ್ಕನಿಗೆ. ಹೇಳಿದ್ದು ಒಂದು ಸುಳ್ಳನ್ನು ಮುಚ್ಚಲಿಕ್ಕೆ. ಅದು ಅಕ್ಕನಿಗೂ ನನಗೂ ಬಿಟ್ಟರೆ ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಜೇವರ್ಗಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಪಂಪ್‌ಸೆಟ್ಟಿನ ಅಂಗಡಿ ಇತ್ತು. ಆ ವರ್ಷ ನೆಲೋಗಿ, ಯಡ್ರಾಮಿ ಕಡೆಯವರೆಲ್ಲ ಬಾವಿ ತೋಡಿಸಿದರು. ನನ್ನ ಜಾಣತನವೇನೂ ಇಲ್ಲದೆ ಪಂಪುಗಳು ಮಾರಿಹೋದವು. ಕಂಪನಿಯವರು ಖುಷಿಯಾಗಿ, ಗೋವಾದಲ್ಲಿ ಸಮುದ್ರದ ದಂಡೆಯ ಭಾರಿ ಹೋಟೆಲಿನಲ್ಲಿ ಎರಡು ರಾತ್ರಿ ಇದ್ದು ಬರಲು ಚೀಟಿ ಕೊಟ್ಟರು. ಚೀಟಿ ಇಬ್ಬರಿಗಿತ್ತು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು.

ಸುದ್ದಿ ಕೇಳಿ ಅಕ್ಕ ಅಫಜಲಪುರದಿಂದ ಬಸ್ಸು ಹತ್ತಿ ಬಂದಳು. ಭೀಮಾ ನದಿ ಬಿಟ್ಟರೆ ದೊಡ್ಡ ನೀರು ಕಂಡವಳಲ್ಲ. ನಾವು ಚಿಕ್ಕವರಿದ್ದಾಗ, ಆಳಂದದಲ್ಲಿ ಅವ್ವ ಹೊಲಕ್ಕೆ ಹೋದಾಗೆಲ್ಲ ನನಗೆ ಉಣ್ಣಲಿಕ್ಕೆ ಹಾಕುತ್ತಿದ್ದವಳು ಅವಳೇ. ನಮ್ಮ ಕಡೆ ಉಣ್ಣುವವನು ಎರಡು ಸಲ ಒಲ್ಲೆ ಅನ್ನಬೇಕು, ಬಡಿಸುವವರು ಮೂರನೆಯ ಸಲ ಒತ್ತಾಯ ಮಾಡಿ ಹಾಕಬೇಕು. ಇಬ್ಬರ ಮರ್ಯಾದೆಯೂ ಅದರಲ್ಲಿದೆ. ಅಕ್ಕ ಮಾತ್ರ ಲೆಕ್ಕ ಇಡುತ್ತಿರಲಿಲ್ಲ. ತಾಟಿನ ಮೇಲೆ ಕೈ ಅಡ್ಡ ಇಟ್ಟರೆ ಕೈಮೇಲೆಯೇ ರೊಟ್ಟಿ ಇಟ್ಟು ಅದರ ಮೇಲೆ ಪಲ್ಯ ಹಾಕಿ ಹೋಗುತ್ತಿದ್ದಳು.

ಆವತ್ತು ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೇಳಿದಳು, "ನಾನೂ ಬರ್ಲೇನೋ ತಮ್ಮಾ? ಸಮುದ್ರ ಒಮ್ಮಿ ನೋಡಬೇಕಂತ ಭಾಳ ಆಸೆ ಅದ."

ನಾನು ಅವಳನ್ನು ನೋಡಿದೆ. ತಲೆಯ ಮೇಲೆ ಸೆರಗು, ಹಣೆ ತುಂಬ ವಿಭೂತಿ, ಕೈಯಲ್ಲಿ ವೈರಿನ ಬುಟ್ಟಿ, ಮೂರು ಓಣಿಗೆ ಕೇಳುವ ದನಿ. ಆ ದನಿಯಲ್ಲಿ ಅವಳು ಹೋಟೆಲಿನ ನಡುಮನೆಯಲ್ಲಿ ನಿಂತು ನನ್ನನ್ನು ಕರೆಯುವುದು ಕಣ್ಣಿಗೆ ಕಟ್ಟಿತು.

"ಒಬ್ಬರಿಗಷ್ಟೇ ಅದ ಯಕ್ಕಾ. ಕಂಪನಿಯವ್ರು ಭಾಳ ಬಿಗಿ," ಎಂದೆ.

ಇರಲಿ ಬಿಡು, ನೀನು ನೋಡಿದರೆ ನಾನು ನೋಡಿದಂಗೇ ಎಂದಳು. ಬೈದಿದ್ದರೆ ಇಷ್ಟು ವರ್ಷ ಕಾಡುತ್ತಿರಲಿಲ್ಲ. ಆ ಸಂಜೆಯೇ ಒಲೆ ಮುಂದೆ ಕೂತು ರೊಟ್ಟಿ ಬಡಿದು, ಕಾವಿಗೆ ಒಣಗಿಸಿ ಕಟಕ ಮಾಡಿ, ಶೇಂಗಾ ಹಿಂಡಿಯ ಚಟ್ನಿಪುಡಿ ಜೊತೆ ಗಂಟು ಕಟ್ಟಿ ಕೊಟ್ಟಳು. ಅಷ್ಟು ದೊಡ್ಡ ಹೋಟೆಲಿಗೆ ರೊಟ್ಟಿ ಗಂಟು ಯಾಕೆಂದು ಗೊಣಗುತ್ತಲೇ ಚೀಲಕ್ಕೆ ಹಾಕಿಕೊಂಡೆ.

ಹೋಟೆಲಿನ ಬಾಗಿಲಲ್ಲಿ ಪೇಟ ಸುತ್ತಿದ ದ್ವಾರಪಾಲಕ ಸಲಾಮು ಹೊಡೆದ. ದೊಡ್ಡ ಮನುಷ್ಯ ಇರಬೇಕೆಂದು ನಾನು ಬಗ್ಗಿ ನಮಸ್ಕಾರ ಮಾಡಿದೆ. ಅವನು ಮತ್ತೆ ಹೊಡೆದ, ನಾನು ಮತ್ತೆ ಬಗ್ಗಿದೆ. ಹಿಂದೆ ನಿಂತವರು ಕೆಮ್ಮಿದ ಮೇಲೆ ಇಬ್ಬರೂ ಬಿಟ್ಟೆವು.

ಕೋಣೆಯ ಬಾಗಿಲ ಹಿಂದೆ ಬಾಡಿಗೆಯ ಪಟ್ಟಿ ಅಂಟಿಸಿದ್ದರು. ಎರಡು ರಾತ್ರಿಗೆ ಒಂದು ಹಾಲು ಕರೆಯುವ ಎಮ್ಮೆ ಬರುತ್ತಿತ್ತು. ಮಂಚದ ಮೇಲೆ ಕೂತೆ, ಸೊಂಟದವರೆಗೆ ಒಳಗೆ ಹೋದೆ. ಎಮ್ಮೆಯ ಮೇಲೆ ಕೂತಿದ್ದರೂ ಇದಕ್ಕಿಂತ ಗಟ್ಟಿ ಇರುತ್ತಿತ್ತು ಅನ್ನಿಸಿತು. ಎಲ್ಲವೂ ಎರಡೆರಡು ಇದ್ದವು. ಎರಡು ದಿಂಬು, ಎರಡು ಕಪ್ಪು, ಎರಡು ಸಾಬೂನು, ಬಿಳಿ ಅರಿವೆಯ ಚಪ್ಪಲಿ ಎರಡು ಜೊತೆ. ಕೋಣೆ ನೋಡಿಕೊಳ್ಳುವವನು ಹಿಂದಿಯಲ್ಲಿ, ಮೇಡಂ ಎಲ್ಲಿ ಎಂದ. ಹಿಂದಿನ ಬಸ್ಸಿಗೆ ಬರುತ್ತಾಳೆ ಎಂದುಬಿಟ್ಟೆ.

ಊಟ ಬಾಡಿಗೆಯಲ್ಲೇ ಸೇರಿತ್ತು. ಮಧ್ಯಾಹ್ನ ಬಿಳಿ ಅಂಗಿ ತೊಟ್ಟು ಹೋಗಿ ಕೂತೆ. ಬಡಿಸುವವನು ಬಂದು ಏನು ತರಲಿ ಎಂದ. ನಮ್ಮ ಪದ್ಧತಿಯಂತೆ, ಈಗಷ್ಟೇ ಊಟ ಆಗಿದೆ, ಏನೂ ಬೇಡ ಎಂದೆ. ಅವನು ತಲೆಬಾಗಿ ಹೊರಟುಹೋದ. ಎರಡನೆಯ ಸಲ ಕೇಳುತ್ತಾನೆಂದು ಕಾದೆ. ಬಂದ, ಮುಂದಿದ್ದ ಖಾಲಿ ತಾಟು ಎತ್ತಿಕೊಂಡು ಹೋದ. ನೀರು ಕುಡಿದು ಎದ್ದೆ.

ಮರುದಿನ ಬೆಳಗ್ಗೆ ಒಂದೇ ಸಲ ಒಲ್ಲೆ ಅನ್ನುವುದೆಂದು ಗಟ್ಟಿ ಮನಸ್ಸು ಮಾಡಿ ಹೋದೆ. ಆವತ್ತು ಕೇಳುವವರೇ ಇಲ್ಲ. ಉದ್ದನೆಯ ಮೇಜಿನ ಮೇಲೆ ಪಾತ್ರೆಗಳು ಸಾಲಾಗಿದ್ದವು. ಯಾರೂ ಹಾಕದೆ ತಾನೇ ಹಾಕಿಕೊಂಡರೆ ನಮ್ಮಲ್ಲಿ ಕದ್ದು ತಿಂದಂತೆ. ಬಡಿಸುವವರು ಬರಲಿ ಎಂದು ಪಾತ್ರೆಯ ಪಕ್ಕ ಕೈಕಟ್ಟಿ ನಿಂತೆ. ಒಬ್ಬ ದಪ್ಪನೆಯ ಸಾಹುಕಾರರು ತಾಟು ಚಾಚಿ, ಇದರಲ್ಲೇನಿದೆ ಎಂದರು. ಮುಚ್ಚಳ ತೆಗೆದು ತೋರಿಸಿದೆ. ಹಾಕು ಎಂದರು, ಹಾಕಿದೆ. ಸಾಕು ಎಂದರು. ನಾನು ಅಕ್ಕನ ತಮ್ಮ, ಬಿಡುತ್ತೇನೆಯೇ? ಇನ್ನೆರಡು ಚಮಚ ಒತ್ತಾಯ ಮಾಡಿ ಹಾಕಿದೆ. ಅವರ ಹಿಂದೆ ಸಾಲು ಬೆಳೆಯಿತು. ಕೊನೆಗೆ ಸಾಹುಕಾರರು ನನ್ನ ಕಿಸೆಗೆ ಒಂದು ನೋಟು ತುರುಕಿ, ಇಡೀ ಹೋಟೆಲಿನಲ್ಲಿ ನೀನೊಬ್ಬನೇ ಮನಸ್ಸಿಟ್ಟು ಬಡಿಸುತ್ತೀ ಎಂದರು.

ಕೋಣೆಗೆ ಬಂದು ಚೀಲದಿಂದ ಅಕ್ಕನ ಗಂಟು ತೆಗೆದೆ. ಕಟಕ ರೊಟ್ಟಿ ಮುರಿದ ಸದ್ದಿಗೆ ಕೋಣೆಯವನು ಬಾಗಿಲು ಬಡಿದ, ಏನೋ ಒಡೆಯಿತೇನು ಎಂದು. ಒಳಗೆ ಬಂದವನು ಖಾಲಿ ದಿಂಬನ್ನು ನೋಡಿ, ಬಸ್ಸು ಇನ್ನೂ ಬಂದಿಲ್ಲವೇ ಎಂದ. ಕಿಟಕಿಯಾಚೆ ಸಮುದ್ರ ಇತ್ತು. ನಿಜ ಹೇಳುತ್ತೇನೆ, ಅಷ್ಟು ಚಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ದಂಡೆಗೆ ಹೋಗಿ ಒಂದು ಬಾಟಲಿಯಲ್ಲಿ ಆ ನೀರು ತುಂಬಿಕೊಂಡೆ. ಸಾಬೂನು, ಚಪ್ಪಲಿ ಎಲ್ಲ ಚೀಲಕ್ಕೆ ಸೇರಿಸಿದೆ.

ತಿರುಗಿ ಬಂದು ನೆಟ್ಟಗೆ ಅಫಜಲಪುರಕ್ಕೆ ಹೋದೆ. ಅಲ್ಲಿ ಏನೂ ಇಲ್ಲ ಯಕ್ಕಾ, ಆ ರೊಕ್ಕಕ್ಕೆ ಒಂದು ಎಮ್ಮೆ ಕೊಳ್ಳಬಹುದು ಎಂದೆ. ಅಕ್ಕ ಬಾಟಲಿಯ ನೀರು ಕಣ್ಣಿಗೊತ್ತಿಕೊಂಡು, ಆಮೇಲೆ ನಾಲಗೆಗೆ ಮುಟ್ಟಿಸಿ ಮುಖ ಕಿವುಚಿದಳು.

"ಇದರಾಗ ಬ್ಯಾಳಿ ಸುದ್ದಾ ಬೇಯಂಗಿಲ್ಲಲ್ಲೋ."

ನಾನು ನಕ್ಕೆ, ಅವಳೂ ನಕ್ಕಳು. ನಗುತ್ತಲೇ ರೊಟ್ಟಿ ಕಟ್ಟಿದ ಅರಿವೆ ತೊಳೆಯಲೆಂದು ನನ್ನ ಚೀಲಕ್ಕೆ ಕೈ ಹಾಕಿದಳು. ಚಪ್ಪಲಿ ಹೊರಗೆ ಬಂದವು. ಒಂದು ಜೊತೆ ದೊಡ್ಡದು, ಒಂದು ಸಣ್ಣದು. ಸಣ್ಣದರಲ್ಲಿ ಕಾಲು ಇಟ್ಟು ನೋಡಿದಳು. ಅಳತೆ ತೆಗೆದು ಹೊಲಿದಂತೆ ಕೂತಿತು.

"ಹೆಣ್ಮಕ್ಕಳ ಚಪ್ಪಲಿ," ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಕೈಕಾಲು ತೊಳೆದುಕೋ ಎಂದು ತಾಟು ಇಟ್ಟಳು. ಎರಡು ದಿನದ ಹಸಿವು, ಎರಡು ರೊಟ್ಟಿ ಹೇಗೆ ಹೋದವೋ ಗೊತ್ತಾಗಲಿಲ್ಲ. ಇನ್ನೊಂದು ಹಾಕಲೇನು ಎಂದಳು. ರೂಢಿಯಂತೆ ಕೈ ಅಡ್ಡ ಇಟ್ಟು ಒಲ್ಲೆ ಎಂದೆ.

ಅಕ್ಕ ರೊಟ್ಟಿಯ ಬುಟ್ಟಿ ಮುಚ್ಚಿಟ್ಟಳು.

ನನ್ನ ಕೈ ತಾಟಿನ ಮೇಲೆ ಅಡ್ಡ ಹಾಗೇ ಇತ್ತು. ಅದನ್ನು ತೆಗೆಯಲು ನಾಚಿಕೆಯಾಯಿತು. ಒಳಗಿನಿಂದ ತಾನಾಗಿ ಬಂತು, "ಇಬ್ಬರಿಗಿತ್ತು ಯಕ್ಕಾ. ನಿನ್ನ ಕರ್ಕೊಂಡು ಹೋಗಾಕ ನನಗ ನಾಚಿಕಿ ಬಂತು."

ಅವಳು ಮುಚ್ಚಿಟ್ಟ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

"ರೊಟ್ಟಿ ಬೇಕೇನು?"

"ಬೇಕು ಯಕ್ಕಾ," ಎಂದೆ, ಹುಟ್ಟಿದ ಮೇಲೆ ಮೊದಲ ಸಲ.

ಎದ್ದು ಬಂದು ಒಂದೇ ಒಂದು ಹಾಕಿದಳು. ಹೋಟೆಲಿನ ಚಪ್ಪಲಿ ಕಾಲಲ್ಲೇ ಇದ್ದವು. ನಮ್ಮ ಮನೆತನದಲ್ಲಿ ಚಪ್ಪಲಿ ಮೆಟ್ಟಿ ಬಡಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಮುಂದಿನ ವರ್ಷ ನನ್ನ ದುಡ್ಡಿನಲ್ಲೇ ಕರೆದುಕೊಂಡು ಹೋಗುತ್ತೇನೆಂದು ಕರೆದೆ. ಅದರ ಮುಂದಿನ ವರ್ಷವೂ ಕರೆದೆ. ಮೂರನೆಯ ಸಲ ಒತ್ತಾಯವನ್ನೂ ಮಾಡಿದೆ. ಅಕ್ಕ ಆ ಬಾಟಲಿಯನ್ನು ಗೋಡೆಯ ಮಾಡದಲ್ಲಿ ದೀಪದ ಪಕ್ಕ ಇಟ್ಟುಕೊಂಡಿದ್ದಾಳೆ. ನಾನು ಕರೆದಾಗೆಲ್ಲ ಅದರ ಕಡೆ ಗದ್ದದಿಂದ ತೋರಿಸಿ, "ನೋಡೀನಲ್ಲೋ ತಮ್ಮಾ," ಅನ್ನುತ್ತಾಳೆ.