ಟೇಪಕ್ಕನ ಅರ್ಧ ತಪ್ಪು

ಶಿಕ್ಷಣ ಕಾಲೇಜಿಗೆ ಸೇರಿದಾಗ ಅವಳಿಗೆ ಮೂವತ್ತೇಳು. ಜೊತೆಯವರಿಗೆಲ್ಲ ಇಪ್ಪತ್ತೆರಡೋ ಇಪ್ಪತ್ತಮೂರೋ. ಗಣಿತದಲ್ಲಿ ಪದವಿ ಪಡೆದೂ ಹನ್ನೆರಡು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿದವಳು. ಮೊದಲ ದಿನ ಪುಸ್ತಕ ತೆಗೆಯಹೋದಾಗ ಚೀಲದಿಂದ ಅಳತೆಯ ಟೇಪು ಜಾರಿಬಿತ್ತು. ಅಂದಿನಿಂದ ಅವಳು ಟೇಪಕ್ಕ. ಓದಿನಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ತೊಡಕು ಬಂದದ್ದು ಪಾಠ ಮಾಡುವಾಗ.

ಕಾಲೇಜಿನ ವಿದ್ಯಾರ್ಥಿಗಳು ಪಕ್ಕದ ಶಾಲೆಗೆ ಹೋಗಿ ಅಭ್ಯಾಸ ಪಾಠ ಮಾಡಬೇಕು. ಗಣಿತದ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಗುರುತು ಹಾಕಿಕೊಳ್ಳುತ್ತಾರೆ. ಟೇಪಕ್ಕನ ಮೊದಲ ಪಾಠ ಮುಗಿದೊಡನೆ ಮೇಡಂ ಎದ್ದು ಹಲಗೆಯ ಮೇಲೊಂದು ಲೆಕ್ಕ ಬರೆದು, ಎಲ್ಲರಿಗೂ ಚೀಟಿಯಲ್ಲಿ ಮಾಡಿಕೊಡಲು ಹೇಳಿದರು. ನಲವತ್ತು ಮಕ್ಕಳಲ್ಲಿ ಸರಿ ಮಾಡಿದವರು ನಾಲ್ವರು.

"'ಅರ್ಥ ಆಯ್ತಾ?' ಅಂತ ಎಷ್ಟು ಸಲ ಕೇಳಿದ್ರಿ, ಗೊತ್ತಾ?" ಮೇಡಂ ಹೊರಗೆ ಬಂದು ಕೇಳಿದರು.

"ಐದಾರು ಸಲ ಇರ್ಬೋದು, ಮೇಡಂ."

"ಇಪ್ಪತ್ತಮೂರು. ಅಷ್ಟು ಸಲಾನೂ 'ಆಯ್ತು ಮಿಸ್' ಅಂದ್ರು. ಮೂವತ್ತಾರು ಮಕ್ಕಳ ಬಾಯಲ್ಲಿ ಸುಳ್ಳು ಹೇಳ್ಸಿದ್ದೀರಿ."

ಸಮಾಧಾನ ಹೇಳುವ ಅಭ್ಯಾಸ ಮೇಡಂಗೆ ಇರಲಿಲ್ಲ. ಇದ್ದಿದ್ದರೆ ಟೇಪಕ್ಕ ಇವತ್ತಿಗೂ ಅದನ್ನೇ ಕೇಳುತ್ತಿದ್ದಳು.

ವರ್ಷದ ಕೊನೆಯ ಪರೀಕ್ಷಾ ಪಾಠದಲ್ಲೂ ಆ ಮಾತು ಹನ್ನೊಂದು ಸಲ ಬಂತು. ಅವಳು ಫೇಲಾದಳು. ಇನ್ನೊಂದೇ ಅವಕಾಶ; ಅದೂ ಹೋದರೆ ಮತ್ತೆ ಹೊಲಿಗೆ ಮೆಷಿನ್ನೇ ಗತಿ. ಆ ಮೆಷಿನ್ನಿನ ಮುಂದೆ ಈಗ ಅತ್ತೆ ಕೂರುತ್ತಿದ್ದರು.

"ಮೊದಮೊದಲು ಅಂಗಿ ತೊಡಿಸಿ 'ಸರಿ ಇದ್ಯಾ' ಅಂತ ಕೇಳ್ತಿದ್ದೆ ಅಲ್ವೇನೇ ನೀನು?" ಎಂದರು ಅತ್ತೆ, ದಾರ ಕಡಿಯುತ್ತ. "ಹೂಂ ಅಂದು ಹೋದೋರು ಮಾರನೇ ದಿನ ಕಂಕುಳು ಬಿಗಿ ಅಂತ ಬರ್ತಿದ್ರು. ಆಮೇಲೆ ನೀನು ಕೇಳೋದು ಬಿಟ್ಟು 'ಕೈ ಎತ್ತಿ' ಅನ್ನೋಕೆ ಶುರು ಮಾಡ್ದೆ, ಎಲ್ಲಿ ಬಿಗಿ ಅಂತ ಅಲ್ಲೇ ಕಾಣ್ತಿತ್ತು. ಮಕ್ಕಳ ಕೈನೂ ಹಾಗೇ ಎತ್ತಿಸು."

ಎರಡನೆಯ ಪರೀಕ್ಷೆಗೆ ಬಂದದ್ದು ಭಿನ್ನರಾಶಿಯ ಭಾಗಾಕಾರ. ಹಿಂದಿನ ಬೆಂಚಿನಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಪಕ್ಕದಲ್ಲಿ ಮೇಡಂ. ಒಂದೂವರೆಯನ್ನು ಅರ್ಧದಿಂದ ಭಾಗಿಸಿ ಟೇಪಕ್ಕ ಮೂರು ಎಂದು ಬರೆದಳು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು.

"ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ವಾ ಮಿಸ್? ಜಾಸ್ತಿ ಹೆಂಗಾಯ್ತು?"

ಟೇಪಕ್ಕ ಕೆಳಗಿನ ಸಂಖ್ಯೆ ಮೇಲೆ, ಮೇಲಿನದು ಕೆಳಗೆ ಎಂದು ನಿಯಮ ಹೇಳಿದಳು. ಹುಡುಗಿ ಪಿಳಿಪಿಳಿ ನೋಡಿದಳು. ಹಳೆಯ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತು.

"ಅರ್..." ಎಂದಳು. ಇಡೀ ತರಗತಿ 'ಆಯ್ತು ಮಿಸ್' ಎನ್ನಲು ಬಾಯಿ ತೆರೆಯಿತು.

"...ಧ," ಎಂದಳು ಟೇಪಕ್ಕ. "ಅರ್ಧ. ಅರ್ಧ ಮೀಟರು ಎಷ್ಟು ಸಲ ಸಿಗತ್ತೆ, ನೀನೇ ಬಂದು ತೋರ್ಸು."

ಚೀಲದಿಂದ ಟೇಪು ತೆಗೆದಳು. ದರ್ಜಿಯ ಟೇಪು ಇರುವುದೇ ಒಂದೂವರೆ ಮೀಟರು. ಹುಡುಗಿ ಐವತ್ತು ಸೆಂಟಿಮೀಟರಿಗೊಮ್ಮೆ, ನೂರಕ್ಕೊಮ್ಮೆ ಮಡಿಚಿದಳು, ಬೆರಳಿಟ್ಟು ಎಣಿಸಿದಳು. ಪರೀಕ್ಷಕರು ಗಡಿಯಾರ ನೋಡಿದರು. ಟೇಪಕ್ಕ ತುಟಿ ಬಿಚ್ಚಲಿಲ್ಲ.

"ಮೂರು ಅರ್ಧ ಇದಾವೆ ಮಿಸ್. ತುಂಡು ಜಾಸ್ತಿ ಆಯ್ತು, ಟೇಪು ಅಷ್ಟೇ ಇದೆ."

ಆಮೇಲೆ ಟೇಪಕ್ಕ ಏನೂ ಕೇಳದೆ ಚೀಟಿ ಹಂಚಿದಳು: ಎರಡೂವರೆಯನ್ನು ಅರ್ಧದಿಂದ ಭಾಗಿಸಿ. ನಲವತ್ತರಲ್ಲಿ ಮೂವತ್ತೇಳು ಚೀಟಿಯಲ್ಲಿ ಐದು ಎಂದಿತ್ತು.

"ಪಾಠಯೋಜನೆಯಲ್ಲಿ ಟೇಪಿನ ಪ್ರಸ್ತಾಪವೇ ಇಲ್ಲವಲ್ಲ," ಎಂದರು ಪರೀಕ್ಷಕರು ಹಾಳೆ ಮಗುಚುತ್ತ.

"ಅದು ಇವರ ಹೆಸರಲ್ಲೇ ಇದೆ ಸರ್," ಎಂದರು ಮೇಡಂ, ಮುಖದಲ್ಲಿ ನಗುವಿನ ಸುಳಿವಿಲ್ಲದೆ. ಆ ಅಡ್ಡಹೆಸರು ಅವರ ಕಿವಿಗೂ ಬಿದ್ದಿದೆ ಎಂದು ಟೇಪಕ್ಕನಿಗೆ ತಿಳಿದದ್ದು ಆಗಲೇ.

ಪಾಸಾದಳು. ಮೇಡಂ ಕೊಟ್ಟ ಹಾಳೆಯಲ್ಲಿ 'ಅರ್ಥ ಆಯ್ತಾ' ಎಂಬ ಸಾಲಿನ ಮುಂದೆ ಈ ಸಲ ಹನ್ನೊಂದೂ ಇರಲಿಲ್ಲ, ಸೊನ್ನೆಯೂ ಇರಲಿಲ್ಲ, ½ ಎಂದಿತ್ತು. ಅಳತೆಯಲ್ಲಿ ಮೇಡಂ ಯಾರಿಗೂ ಒಂದು ನೂಲೂ ಬಿಟ್ಟುಕೊಡುವವರಲ್ಲ. ಟೇಪಕ್ಕ ಹಾಳೆಯನ್ನು ಅತ್ತೆಗೆ ತೋರಿಸಿದಳು.

"ಅರ್ಧ ತಪ್ಪಲ್ಲಿ ಪಾಸು, ಅತ್ತೆ."

ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. "ಹಾಗಾದ್ರೆ ಮೆಷಿನ್ನು ಇನ್ನು ನಂದೇ," ಎಂದು ಪೆಡಲು ತುಳಿದರು.