ಪೊಟ್ಟಣವಾಗಿ ಹೋದ ಅಕ್ಕನ ಇಂಗ್ಲಿಷು

ಸ್ವಲ್ಪ ತಾಳಿ, ಕೈಲಿರುವ ಕೆಲಸ ಪಕ್ಕಕ್ಕಿಟ್ಟು ಇದೊಂದನ್ನು ಓದಿಬಿಡಿ. ಮೊನ್ನೆ ಯಲ್ಲಾಪುರದಲ್ಲಿ ಪುಸ್ತಕ ಕಟ್ಟುವವರ ಅಂಗಡಿ ಮುಂದೆ ಹೋಗುತ್ತಿದ್ದೆ. ಒಳಗೆ ಹುಣಸೆಬೀಜದ ಅಂಟು ಕುದಿಯುತ್ತಿತ್ತು. ಹುರಿದ ಬೀಜದ ಕಮಟು, ಹುಳ ಹಿಡಿಯದಿರಲೆಂದು ಹಾಕಿದ ಮೈಲುತುತ್ತದ ಘಾಟು. ಕಾಲು ಅಲ್ಲೇ ನಿಂತುಬಿಟ್ಟಿತು. ನಮ್ಮ ಶಿರಸಿಯ ಮನೆಯ ವಾಸನೆ ಅದು. ಆ ಮನೆ ಈಗಿಲ್ಲ. ಅಂಟು ಕಲಸುತ್ತಿದ್ದ ಅವ್ವನಿಲ್ಲ, ಅದನ್ನು ಕಾಗದಕ್ಕೆ ಸವರುತ್ತಿದ್ದ ಗಿರಿಜಕ್ಕನೂ ಇಲ್ಲ.

ಬನವಾಸಿ ಕಡೆಯಿಂದ ಬಂದವರು ನಾವು. ಅಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ ಅವ್ವ ಕಿರಾಣಿ ಅಂಗಡಿಗಳಿಗೆ ಕಾಗದದ ಪೊಟ್ಟಣ ಮಾಡಿ ಕೊಡುತ್ತಿದ್ದಳು. ಐವತ್ತಾರರಲ್ಲಿ ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿತಲ್ಲ, ಆಮೇಲಿನ ವರ್ಷಗಳಲ್ಲಿ ಉಪಯೋಗಕ್ಕೆ ಬಾರದ ಕಚೇರಿಯ ಹಳೇ ಇಂಗ್ಲಿಷ್ ಫಾರಮುಗಳು ರದ್ದಿಗೆ ಬಂದವು. ಒಂದು ಮಗ್ಗುಲು ಅಚ್ಚು, ಇನ್ನೊಂದು ಮಗ್ಗುಲು ಬಿಳಿ. ಅಚ್ಚು ಒಳಗೆ ಹೋಗಬೇಕು, ಬಿಳಿ ಹೊರಗೆ ಕಾಣಬೇಕು, ಇದು ಅವ್ವನ ಕಟ್ಟಳೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಶಾಲೆ ಬಿಟ್ಟಿದ್ದ ಅಕ್ಕ ಮಾತ್ರ ಪ್ರತಿ ಹಾಳೆಯನ್ನೂ ಓದಿಯೇ ಮಡಿಸುತ್ತಿದ್ದಳು. "ಓದಿ ಮುಗಿಸೂದ್ರಾಗ ಅಂಟು ಒಣಗತೈತಿ, ನಿನ್ನ ಇಂಗ್ಲೀಷಿಗೆ ಬೆಂಕಿ ಹಾಕಲಿ" ಎಂದು ಅವ್ವ ಗೊಣಗುತ್ತಿದ್ದಳು.

ಒಂದೇ ಥರ ಕಾಣುವ, ಅರ್ಥ ಮಾತ್ರ ಬೇರೆಯಾದ ಪದಗಳೆಂದರೆ ಅಕ್ಕನಿಗೆ ಜೀವ. ಅದೇ ಫಾರಮುಗಳ ಬಿಳಿ ಮಗ್ಗುಲಲ್ಲಿ ಒಂದು ಹಾಳೆಗೆ ಒಂದು ಜೋಡಿ ಬರೆದು, ಮೇಲೆ ಅಂಕಿ ಹಾಕಿ, ಕೆಳಗೊಂದು ಚಿತ್ರ ಬಿಡಿಸಿ, ಗೋಣಿದಾರದಲ್ಲಿ ಹೊಲಿದಿಟ್ಟಿದ್ದಳು. ಡೆಸರ್ಟು, ಡಿಸರ್ಟು. ಮರಳುಗಾಡಿಗೆ ಒಂದು ಎಸ್, ಊಟದ ಮೇಲಿನ ಸಿಹಿಗೆ ಎರಡು. ನಾನು ಅದನ್ನು ಮರೆತಾಗಲೆಲ್ಲ, "ಹೋಳಿಗಿ ಯಾರರ ಒಂದ ಬಡಸ್ತಾರೇನ ಹುಚ್ಚಿ? ಎರಡು!" ಎಂದು ತಲೆಗೆ ಮೊಟಕುತ್ತಿದ್ದಳು. ಇಷ್ಟೆಲ್ಲ ಯಾಕೆ ಎಂದು ಕೇಳಿದರೆ, "ಒಂದ ಬಳ್ಳಿ ಸೌತಿಕಾಯಿ ನೋಡಾಕ ಎಲ್ಲಾ ಒಂದ. ಕಡದ ಮ್ಯಾಲ ಕಹಿ ಅಂತ ಗೊತ್ತಾದ್ರ ಏನ ಬಂತು? ಮೊದಲ ತಿಳ್ಕೋಬೇಕು" ಅನ್ನುವಳು. ಹೊರಗಿನಿಂದ ಮೆಟ್ರಿಕ್ ಪರೀಕ್ಷೆಗೆ ಕೂತು, ಪಾಸಾಗಿ, ಶಾಲೆಯಲ್ಲಿ ಅಕ್ಕೋರಾಗಬೇಕು ಎಂಬುದು ಅವಳ ಆಸೆ. ಹೆದರಿಕೆ ಇದ್ದದ್ದು ಇಂಗ್ಲಿಷ್ ಒಂದಕ್ಕೇ. ಸೋದರಮಾವ ಬಾಗಿಲಲ್ಲಿ ನಿಂತು ನಗುತ್ತಲೇ ಹೇಳಿ ಹೋಗಿದ್ದ: "ಒಂದ ಸಲ ಬರಿ ಅಷ್ಟ. ಪಾಸಾದ್ರ ಅಕ್ಕೋರು, ಇಲ್ಲಾಂದ್ರ ಅಕ್ಕಿಕಾಳು." ಅಕ್ಕಿಕಾಳೆಂದರೆ ಮದುವೆ.

ಪರೀಕ್ಷೆಗೆ ಮೂರು ವಾರ ಇರುವಾಗ, ಹಾಲ್ ಟಿಕೆಟ್ಟಿಗೆ ಹೆಡ್ಮಾಸ್ತರೊಬ್ಬರ ಸಹಿ ಬೇಕೆಂದು ಅಕ್ಕ ಬೆಳಗಿನ ಬಸ್ಸಿಗೆ ಸಿದ್ದಾಪುರಕ್ಕೆ ಹೋದಳು. ಅವ್ವ ಜ್ವರ ಬಂದು ಮಲಗಿದ್ದಳು. ಸಂತೆಯ ದಿನ, ಅಂಗಡಿಗಳಿಂದ ಪೊಟ್ಟಣ ಪೊಟ್ಟಣ ಎಂದು ಹೇಳಿಕಳಿಸುತ್ತಿದ್ದರು. ನನಗಾಗ ಒಂಬತ್ತು. ಮನೆಯ ಭಾರ ನಾನೇ ಹೊತ್ತೇನೆಂಬ ಹುರುಪು. ರದ್ದಿ ಮುಗಿದಾಗ ಮೂಲೆಯಲ್ಲಿ ಇನ್ನೊಂದು ಕಟ್ಟು ಕಂಡಿತು. ಅದೇ ಫಾರಮು, ಅದೇ ಅಚ್ಚು. ತಿರುಗಿಸಿ ನೋಡಲಿಲ್ಲ. ದಾರ ಕತ್ತರಿಸಿದೆ. ಅಚ್ಚು ಒಳಗೆ ಎಂಬ ಕಟ್ಟಳೆಯೊಂದೇ ತಲೆಯಲ್ಲಿ, ಕಣ್ಣು ಬಾಗಿಲ ಕಡೆ, ಕೈ ತನ್ನಷ್ಟಕ್ಕೆ ಮಡಿಸುತ್ತಾ ಹೋಯಿತು. ಅಕ್ಕನ ಅಕ್ಷರ ಹೊರಗೆ ಕಂಡಾಗ ಅರ್ಧ ಕಟ್ಟು ಮುಗಿದಿತ್ತು. ಈಗ ಹೇಳಿಬಿಡುತ್ತೇನೆ, ಯಾರಿಗೂ ಹೇಳಿಲ್ಲ. ಕಂಡ ಮೇಲೂ ನಾನು ನಿಲ್ಲಿಸಲಿಲ್ಲ. ಅರ್ಧ ಹೋದದ್ದು ತಿಳಿದರೆ ಹೊಡೆಯುತ್ತಾಳೆ, ಕಟ್ಟೇ ಇಲ್ಲದಿದ್ದರೆ ಎಲ್ಲೋ ಇಟ್ಟು ಮರೆತೆ ಅಂದುಕೊಳ್ಳುತ್ತಾಳೆ ಎಂದು ಉಳಿದರ್ಧವನ್ನೂ ಮಡಿಸಿ ಅಂಗಡಿಗಳಿಗೆ ಕೊಟ್ಟು ಬಂದೆ.

ಸಂಜೆ ಬಂದ ಅಕ್ಕ ನೆಲದ ಮೇಲೆ ಬಿದ್ದ ಗೋಣಿದಾರ ನೋಡಿದಳು. ಎತ್ತಿಕೊಂಡು ಬೆರಳಿಗೆ ಸುತ್ತಿದಳು. ಹೊಡೆಯಲಿಲ್ಲ.

"ಎಷ್ಟ ಅಂಗಡಿಗೆ ಕೊಟ್ಟಿ?"

"ನಾಕು."

"ನಡಿ."

ಆ ಪೊಟ್ಟಣಗಳು ಮರಳಿ ಕೈಗೆ ಬರಲೆಂದು ಆ ವಾರವೆಲ್ಲ ನಾವಿಬ್ಬರೂ ಎಲ್ಲಾ ಅಂಗಡಿಗಳಲ್ಲೂ ಚಿಟಿಕೆ ಜೀರಿಗೆ, ಚಿಟಿಕೆ ಸಾಸಿವೆ ಕೇಳುತ್ತಾ ತಿರುಗಿದೆವು. ಅಂಗಡಿಕಾರ ಹೆಗಡೆ ಮಾಮ ಕನ್ನಡಕ ಏರಿಸಿ, "ಎಂತ ಕೂಸೆ, ದಿನಕ್ಕೆ ಮೂರು ಸಲ ಜೀರಿಗೆ? ಮನೆ ಮಂದಿಗೆಲ್ಲ ಹೊಟ್ಟೆನೋವೋ?" ಅಂದರು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಮಾರಾಟಕ್ಕೆ ಕಟ್ಟಿಟ್ಟ ಮೆಣಸನ್ನೆಲ್ಲ ಡಬ್ಬಿಗೆ ಸುರಿದು ಖಾಲಿ ಪೊಟ್ಟಣಗಳನ್ನು ಕೈಗೆ ಕೊಟ್ಟರು. ಆದರೆ ಸಂತೆಗೆ ಬಂದವರು ಆಗಲೇ ಹೊತ್ತೊಯ್ದಿದ್ದರಲ್ಲ. ಅಕ್ಕನ ಪದಗಳು ಅರಿಸಿನ, ಬೆಲ್ಲ, ಸಾಸಿವೆ ತುಂಬಿಕೊಂಡು ತ್ಯಾಗಲಿಗೆ, ಮನ್ಮನೆಗೆ, ನಿಲ್ಕುಂದಕ್ಕೆ ಹೋಗಿಬಿಟ್ಟಿದ್ದವು. ಹೆಗಡೆ ಮಾಮ ಹೇಳಿಕಳಿಸಿದ್ದಕ್ಕೆ ಮನ್ಮನೆಯ ಒಬ್ಬ ಅಜ್ಜಿ ಮುಂದಿನ ಸಂತೆಗೆ ಒಂದನ್ನು ಜೋಪಾನವಾಗಿ ಮಡಿಸಿ ತಂದುಕೊಟ್ಟರು. "ಒಲೆಗೆ ಹಾಕಕ್ಕೆ ಮನಸ್ಸು ಬಂದಿಲ್ಲೆ ತಂಗೀ, ಚಿತ್ರ ಚೆಂದ ಇತ್ತು" ಅಂದರು. ಅದರ ಮೇಲಿದ್ದದ್ದು ಎರಡು ಹೋಳಿಗೆಯ ಚಿತ್ರ.

ಅಕ್ಕ ಇಂಗ್ಲಿಷಿನಲ್ಲಿ ಫೇಲಾದಳು. "ಆ ಹಾಳಿ ಇದ್ದರೂ ಅಷ್ಟ, ಇರದಿದ್ದರೂ ಅಷ್ಟ. ಪ್ರಬಂಧ ಕೆಟ್ಟಿತು, ಬಿಡು" ಅಂದಳು. ನಿಜವೋ, ನನಗಾಗಿ ಹೇಳಿದ್ದೋ, ಕೇಳುವ ಧೈರ್ಯ ಕೊನೆವರೆಗೂ ಬರಲಿಲ್ಲ. ಆ ಬೇಸಿಗೆಯಲ್ಲೇ ಅಕ್ಕಿಕಾಳು ಬಿತ್ತು. ಯಲ್ಲಾಪುರದ ಗಂಡನ ಮನೆಯಲ್ಲಿ ನಾಲ್ಕು ವರ್ಷವಿದ್ದಳು. ಎರಡನೇ ಹೆರಿಗೆಯಲ್ಲಿ ಹೋದಳು.

ದಿನಕರ್ಮವೆಲ್ಲ ಮುಗಿದ ಮೇಲೆ ಭಾವ ಅವಳ ಟ್ರಂಕನ್ನು ನನ್ನ ಮುಂದಿಟ್ಟರು. ಸೀರೆಗಳ ಅಡಿಯಲ್ಲಿ ಹೊಲಿದ ಕಟ್ಟೊಂದಿತ್ತು. ಬಿಡಿಸಿ ನೀವಿದ ಪೊಟ್ಟಣಗಳು, ಅರಿಸಿನದ ಕಲೆ, ಮಡಿಕೆಯ ಗೆರೆ, ಎಲ್ಲ ಅಂಕಿಯ ಕ್ರಮದಲ್ಲಿ. ಅದೇ ಹಳೇ ಗೋಣಿದಾರ, ನಾನು ಕತ್ತರಿಸಿದ ಕಡೆ ಗಂಟು. ಮರಳಿ ಬಾರದ ಹಾಳೆಗಳ ಜಾಗದಲ್ಲಿ ಖಾಲಿ ಹಾಳೆ ಹೊಲಿದು, ಮೇಲೆ ಅಂಕಿಯನ್ನಷ್ಟೇ ಬರೆದಿದ್ದಳು. ಪದಗಳು ಅವಳಿಗೆ ಗೊತ್ತೇ ಇದ್ದವು, ಮತ್ತೆ ಬರೆಯಬಹುದಿತ್ತು. ಬರೆದಿರಲಿಲ್ಲ. ಬರುತ್ತವೆ ಎಂದು ಕಾದಿದ್ದಳು.

ಆ ಕಟ್ಟು ಈಗ ನನ್ನ ಹತ್ತಿರ ಇದೆ. ಒಳ್ಳೆಯದು ಮಾಡಲು ಹೋಗಿ ನೀವೂ ಯಾರದಾದರೂ ದಾರ ಕತ್ತರಿಸಿದ್ದರೆ ಬರೆಯಿರಿ, ನಾನು ಓದುತ್ತೇನೆ. ಮತ್ತೆ, ತ್ಯಾಗಲಿ, ಮನ್ಮನೆ, ನಿಲ್ಕುಂದದ ಕಡೆಯವರು ಯಾರಾದರೂ ಇದ್ದರೆ ನಿಮ್ಮ ಅಜ್ಜಿಯ ಪೆಟ್ಟಿಗೆಯನ್ನೊಮ್ಮೆ ನೋಡಿ. ಹಳೇ ಪೊಟ್ಟಣದ ಮೇಲೆ ಎರಡು ಇಂಗ್ಲಿಷ್ ಪದ, ಒಂದು ಅಂಕಿ, ಪುಟ್ಟದೊಂದು ಚಿತ್ರ ಕಂಡರೆ ತಿಳಿಸಿ. ಅದರ ಜಾಗ ಇನ್ನೂ ಖಾಲಿ ಇದೆ.